ಹಬ್ಬಕ್ಕೆ ಊರಿಗೆ ಹೋಗಬೇಕು, ಕೈಯಲ್ಲಿ ಕೆಲಸ ಇಲ್ಲ

(ಇದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕತೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

2023ರ ಆಯುಧ ಪೂಜೆಯ ದಿನ ಬೆಳಿಗ್ಗೆ ಶಿವು ಎದ್ದು ಮೇಜು ಒರೆಸಿದರು. ಪ್ರತಿ ವರ್ಷ ಆ ಮೇಜಿನ ಮೇಲೆ ಕಂಪನಿಯ ಲ್ಯಾಪ್‌ಟಾಪ್ ಇಟ್ಟು, ಅದರ ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಒಂದು ಚೆಂಡು ಹೂ ಇಡುತ್ತಿದ್ದರು. ಈ ಸಲ ಲ್ಯಾಪ್‌ಟಾಪ್ ಇರಲಿಲ್ಲ. ಜುಲೈನಲ್ಲೇ ವಾಪಸ್ ಕೊಟ್ಟಾಗಿತ್ತು. ಐದು ವರ್ಷದ ಮಗಳು ಹೂ ಹಿಡಿದುಕೊಂಡು ಬಂದು "ಅಪ್ಪಾ, ಯಾವುದಕ್ಕೆ ಇಡ್ಲಿ?" ಅಂತ ಕೇಳಿದಳು. ಶಿವು ಬಚ್ಚಲಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತರು.

ಮೂರು ದಿನ ಬಿಟ್ಟು ಅವರ ಹೆಂಡತಿ ಸುಮಾ ನನಗೆ ಫೋನ್ ಮಾಡಿದರು. "ದೀಪಾವಳಿ ಹತ್ತಿರ ಬಂತು ಮೇಡಂ. ಊರಿಗೆ ಹೋಗಬೇಕು. ಇವರು ಊಟಾನೂ ಸರಿಯಾಗಿ ಮಾಡ್ತಿಲ್ಲ, ನಿದ್ದೇನೂ ಇಲ್ಲ" ಎಂದರು. ಹಬ್ಬಕ್ಕೆ ಎರಡು ವಾರ ಮಾತ್ರ ಇತ್ತು.

ಶಿವುಗೆ 34 ವರ್ಷ. ಊರು ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿ. ಬೆಂಗಳೂರಿನಲ್ಲಿ ಒಂದೇ ಕಂಪನಿಯಲ್ಲಿ 6 ವರ್ಷ 4 ತಿಂಗಳು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದ್ದರು. ಒಂದು ಮಧ್ಯಾಹ್ನ ಒಳಗೆ ಕರೆದು "ನೀವೇ ರಾಜೀನಾಮೆ ಬರೆದುಕೊಟ್ಟರೆ ಮೂರು ತಿಂಗಳ ಸಂಬಳ ಕೊಡ್ತೀವಿ" ಎಂದರು. ಬರೆದುಕೊಟ್ಟು ಬಂದರು. ಈಗ ಮನೆ ನಡೆಯುವುದು ಸುಮಾ ಅವರ ಖಾಸಗಿ ಶಾಲೆಯ ಸಂಬಳದಲ್ಲಿ, ಮತ್ತು ಅಷ್ಟೋ ಇಷ್ಟೋ ಉಳಿದಿದ್ದ ಉಳಿತಾಯದಲ್ಲಿ.

ಈ ವಿಷಯ ಗೊತ್ತಿದ್ದಿದ್ದು ಹೆಂಡತಿಗೆ ಮಾತ್ರ. ನಾಗರ ಪಂಚಮಿಗೆ "ಪ್ರಾಜೆಕ್ಟ್ ರಿಲೀಸ್ ಇದೆ" ಎಂದು ಊರಿಗೆ ಹೋಗಲಿಲ್ಲ. ದಸರೆಗೆ "ಮಗಳಿಗೆ ಜ್ವರ". ಬನ್ನಿ ಹಂಚಿಕೊಂಡು "ಬಂಗಾರದಂಗ ಇರೋಣ" ಅಂತ ಅಣ್ಣತಮ್ಮಂದಿರು ಕಳಿಸಿದ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲ. ಆದರೆ ದೀಪಾವಳಿಯನ್ನು ತಪ್ಪಿಸುವ ಹಾಗಿರಲಿಲ್ಲ. ಅವರ ಕಡೆ ದೀಪಾವಳಿ ಅಂದರೆ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವ ಹಬ್ಬ. ಆರತಿ ತಟ್ಟೆಗೆ ದುಡ್ಡು ಹಾಕಬೇಕು. ಕಳೆದ ವರ್ಷ ಅಕ್ಕನಿಗೂ ತಂಗಿಗೂ ತಲಾ 3,000 ರೂಪಾಯಿ ಹಾಕಿದ್ದರು, ಮೇಲೆ ಒಂದೊಂದು ರೇಷ್ಮೆ ಸೀರೆ. ಇನ್ನೊಂದು ದೊಡ್ಡ ಕಾರಣವೂ ಇತ್ತು. ತಂದೆಗೆ ಮೊಣಕಾಲು ಸವೆದಿದೆ. ಹಬ್ಬ ಮುಗಿಸಿ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸುವುದು ಎಂದು ಮನೆಯಲ್ಲಿ ತೀರ್ಮಾನ ಆಗಿತ್ತು. ಎಲ್ಲರೂ ನಂಬಿಕೊಂಡಿದ್ದು ಮಗನ ಕಂಪನಿಯ ಇನ್ಶೂರೆನ್ಸ್. ಕೆಲಸ ಬಿಟ್ಟ ದಿನವೇ ಆ ಇನ್ಶೂರೆನ್ಸ್ ನಿಂತುಹೋಗಿತ್ತು.

ಮೊದಲ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಅವರು ಅಷ್ಟು ದಣಿದು ಕೂತಿದ್ದನ್ನು ನೋಡಿ, "ಈ ಸಲ ಹಬ್ಬಕ್ಕೆ ಹೋಗಲೇಬೇಕಾ? ಒಂದು ವರ್ಷ ಬಿಟ್ಟರೆ ಏನಾಗುತ್ತೆ?" ಎಂದು ಕೇಳಿಬಿಟ್ಟೆ. ಅವರು ತಲೆ ಎತ್ತಿ, "ಪಂಚಮಿ ಬಿಟ್ಟೆ, ದಸರಾ ಬಿಟ್ಟೆ. ಇದನ್ನೂ ಬಿಟ್ಟರೆ ನಾನು ಊರು ಬಿಟ್ಟ ಹಂಗೇ ಮೇಡಂ" ಎಂದರು. ಅವರಿಗೆ ಆ ಮನೆಯ ಭಯ ಎಷ್ಟಿತ್ತೋ ಅದರ ಆಸೆಯೂ ಅಷ್ಟೇ ಇತ್ತು. ನಾನು ಭಯವನ್ನಷ್ಟೇ ಕೇಳಿಸಿಕೊಂಡಿದ್ದೆ. ಕ್ಷಮೆ ಕೇಳಿ, ಹೋಗುವುದು ಹೇಗೆ ಎಂಬ ಮಾತಿಗೆ ಬಂದೆ.

ಅದಕ್ಕೂ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂದು ಜನ ಹೆದರುತ್ತಾರೆ. ಹಾಗೇನಿಲ್ಲ. ಕೇಳಿದರೆ ಹೇಳಿಕೊಳ್ಳಲು ದಾರಿ ಆಗುತ್ತದೆ. "ಬೆಳಿಗ್ಗೆ ಎಚ್ಚರ ಆಗದಿದ್ದರೆ ಚೆನ್ನಾಗಿತ್ತು ಅನ್ಸುತ್ತೆ. ಏನಾದ್ರೂ ಮಾಡ್ಕೋಬೇಕು ಅಂತ ಇಲ್ಲ" ಎಂದರು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಿದ್ದೆ ಕೆಟ್ಟು ಮೂರು ತಿಂಗಳಾಗಿತ್ತು, ತೂಕ ಇಳಿದಿತ್ತು. ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಮಾತ್ರೆ ಕೊಟ್ಟರು. ಸುಮಾ ಅವರಿಗೂ ಶಿವುಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹಬ್ಬದ ದಿನಗಳಲ್ಲಿ ನನ್ನ ಫೋನ್ ಸಿಗದೇ ಹೋಗಬಹುದು, ಅದಕ್ಕಾಗಿ.

ಅವತ್ತು ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು. ಮುಖ್ಯವಾದ ಮಾತು ಎಷ್ಟೋ ಸಲ ಬಾಗಿಲಲ್ಲೇ ಬರುತ್ತದೆ. "ಇನ್ನೊಂದು ವಿಷಯ ಮೇಡಂ. ನಾನು ಲಿಂಗಪೂಜೆ ಬಿಟ್ಟಿದೀನಿ" ಎಂದರು.

ಅವರದು ಲಿಂಗಾಯತ ಮನೆ. ಹುಡುಗನಾಗಿದ್ದಾಗಿನಿಂದ ಸ್ನಾನ ಆದಮೇಲೆ ಇಷ್ಟಲಿಂಗ ಪೂಜೆ ಮಾಡದೆ ನಾಷ್ಟಾ ಮಾಡಿದವರಲ್ಲ. ಕೆಲಸ ಹೋದ ಮೂರನೇ ವಾರ ಲಿಂಗವಿರುವ ಕರಡಿಗೆಯನ್ನು ಶಿವದಾರದ ಸಮೇತ ಕೊರಳಿಂದ ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ದೇವರ ಗೂಡಿನಲ್ಲಿ ಇಟ್ಟುಬಿಟ್ಟಿದ್ದರು. ಊರಿನ ಮನೆಯ ಪಡಸಾಲೆಯಲ್ಲಿ "ಕಾಯಕವೇ ಕೈಲಾಸ" ಎಂದು ಬರೆದ ಹಳೆಯ ಕ್ಯಾಲೆಂಡರಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರಂತೆ. ಅದರ ಕೆಳಗೇ ತಂದೆಯ ಕುರ್ಚಿ. "ದುಡಿದು ಉಣ್ಣಬೇಕು ಅಂತ ಆ ಮಾತಿನ ಕೆಳಗೆ ಬೆಳೆದವನು ನಾನು. ಈಗ ಹೆಂಡತಿ ದುಡಿದಿದ್ದನ್ನು ಉಣ್ತಿದೀನಿ. ಕಾಯಕ ಇಲ್ಲದವನ ಕೈಯಲ್ಲಿ ಲಿಂಗ ಹಿಡಿಯೋಕೆ ಮನಸ್ಸು ಬರಲಿಲ್ಲ" ಎಂದರು.

ಪೂಜೆ ಬಿಟ್ಟ ಜಾಗಕ್ಕೆ ಬೇರೆ ಏನೋ ಬಂದು ಕೂತಿತ್ತು. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ರಾಶಿ ಭವಿಷ್ಯ ನೋಡುತ್ತಿದ್ದರು. ಒಬ್ಬ ಜ್ಯೋತಿಷಿ ಫೋನಿನಲ್ಲೇ ಶನಿಕಾಟ ಎಂದು ಹೇಳಿ ಶಾಂತಿಗೆ 5,500 ರೂಪಾಯಿ ಹಾಕಿಸಿಕೊಂಡಿದ್ದ. ಅದನ್ನು ಸುಮಾಗೂ ಹೇಳಿರಲಿಲ್ಲ. ಇಂಥ ಕಡೆ ನಾನು ಮೆತ್ತಗೆ ಮಾತಾಡುವುದಿಲ್ಲ. ಕೆಲಸ ಕಳೆದುಕೊಂಡು ಹೆದರಿದವರನ್ನು ಇನ್ನಷ್ಟು ಹೆದರಿಸಿ ದುಡ್ಡು ಕೇಳುವವರ ನಂಬರ್ ಆ ಕ್ಷಣವೇ ಬ್ಲಾಕ್ ಮಾಡಿ ಎಂದೆ. ಮಾಡಿದರು.

ಲಿಂಗದ ವಿಷಯ ಹಾಗಲ್ಲ. ನಾನು ಆ ಸಂಪ್ರದಾಯದವಳಲ್ಲ, ನನಗೆ ವಚನಗಳ ಪರಿಚಯ ಶಾಲೆಯಲ್ಲಿ ಓದಿದಷ್ಟೇ. "ಪೂಜೆ ಶುರು ಮಾಡಿ, ಮನಸ್ಸಿಗೆ ನೆಮ್ಮದಿ ಸಿಗುತ್ತೆ" ಎಂದು ಹೇಳುವುದು ಸುಲಭ. ಹಾಗೆ ಹೇಳಿದರೆ ಪೂಜೆಯೂ ನಿದ್ದೆ ಮಾತ್ರೆಯ ಹಾಗಾಗುತ್ತದೆ. "ಅದಕ್ಕೂ ಕೆಲಸಕ್ಕೂ ಏನು ಸಂಬಂಧ, ತಲೆ ಕೆಡಿಸಿಕೊಳ್ಳಬೇಡಿ" ಎಂದರೆ ಅದೂ ತಪ್ಪು. ಅವರ ನೋವಿನ ಬೇರು ಅಲ್ಲೇ ಇತ್ತು. ಹಾಗಾಗಿ ಒಂದು ಕೆಲಸ ಕೊಟ್ಟೆ. "ಗೋಡೆ ಮೇಲಿನ ಆ ಮಾತು ಎಲ್ಲಿಂದ ಬಂತು, ಯಾರು ಹೇಳಿದ್ದು, ಯಾವಾಗ ಹೇಳಿದ್ದು, ತಿಳಿದವರನ್ನು ಕೇಳಿಕೊಂಡು ಬನ್ನಿ" ಎಂದೆ.

ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದ ನಿವೃತ್ತ ಮಾಸ್ತರಿಗೆ ಫೋನ್ ಮಾಡಿದರು. ಮುಂದಿನ ವಾರ ಬಂದಾಗ ಮುಖದಲ್ಲಿ ಸ್ವಲ್ಪ ಕಳೆ ಇತ್ತು. ಎಲ್ಲರೂ ಬಸವಣ್ಣನವರದು ಎಂದುಕೊಂಡಿರುವ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಎಂದು ಮಾಸ್ತರು ಹೇಳಿದ್ದರು. 12ನೇ ಶತಮಾನದ ಕಲ್ಯಾಣದಲ್ಲಿ ಮಾರಯ್ಯನ ಕೆಲಸ ನೆಲಕ್ಕೆ ಬಿದ್ದ ಅಕ್ಕಿ ಆಯುವುದು. ಹೆಸರೇ ಹಾಗೆ ಬಂದಿದ್ದು. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಬೈದು, ಇದ್ದಲ್ಲಿಗೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದ ಕತೆಯನ್ನೂ ಮಾಸ್ತರು ಹೇಳಿದ್ದರು.

"ಮಾರಯ್ಯನಿಗೆ ಸಂಬಳ ಕೊಡ್ತಿದ್ದವರು ಯಾರು?" ಎಂದು ಕೇಳಿದೆ.

ಶಿವು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ, "ನಾನು ಕಾಯಕ ಅಂದ್ರೆ ಸಂಬಳ ಅಂದ್ಕೊಂಡಿದ್ದೆ. ಕಂಪನಿ ಕೊಟ್ಟ ಐಡಿ ಕಾರ್ಡು ಅಂದ್ಕೊಂಡಿದ್ದೆ" ಎಂದರು. ನಾನು ಮುಂದೆ ಏನೂ ಹೇಳಲಿಲ್ಲ. ಆ ವಾರದಿಂದ ಸಂಜೆ ಎರಡು ಗಂಟೆ, ಪಕ್ಕದ ಬೀದಿಯಲ್ಲಿದ್ದ ಇಬ್ಬರು ಪದವಿ ಮುಗಿಸಿದ ಹುಡುಗರಿಗೆ ಟೆಸ್ಟಿಂಗ್ ಹೇಳಿಕೊಡಲು ಶುರು ಮಾಡಿದರು. ದುಡ್ಡು ತಗೊಳ್ಳಲಿಲ್ಲ. ಬೆಳಿಗ್ಗೆ ಕೆಲಸ ಹುಡುಕಲು ಮೂರು ಗಂಟೆ, ಅದಕ್ಕಿಂತ ಜಾಸ್ತಿ ಬೇಡ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ದಿನವಿಡೀ ಅರ್ಜಿ ಹಾಕುತ್ತಾ ಕೂತರೆ ಸಂಜೆಗೆ ಉಳಿಯುವುದು ಉತ್ತರ ಬರಲಿಲ್ಲ ಎಂಬುದೊಂದೇ.

ಇನ್ನು ಹಬ್ಬದ ತಯಾರಿ. ಮೂರನೇ ಭೇಟಿ ಪೂರ್ತಿ ಅದಕ್ಕೇ ಹೋಯಿತು.

ಗುಟ್ಟು ಇಟ್ಟುಕೊಂಡು ಹೋಗುವುದು ಬೇಡ ಎಂದು ನಾನು ಸ್ಪಷ್ಟವಾಗಿ ಹೇಳಿದೆ. ಎಲ್ಲ ಪ್ರಕರಣದಲ್ಲೂ ಹೀಗೆ ಹೇಳುವುದಿಲ್ಲ. ಕೆಲವು ಮನೆಗಳಲ್ಲಿ ಹೇಳಿದರೆ ಹೊಡೆತ, ಬೈಗುಳ, ಹೆಂಡತಿಯ ತವರಿಗೆ ಅವಮಾನ ಬೀಳುತ್ತದೆ. ಅಲ್ಲಿ ಕಾಯುವುದೇ ಸರಿ. ಇಲ್ಲಿ ಹಾಗಿರಲಿಲ್ಲ. ತಂದೆ ಆಪರೇಷನ್ ದಿನ ಗೊತ್ತು ಮಾಡಿಕೊಂಡು ಆಸ್ಪತ್ರೆಗೆ ಹೋಗಿ, ಕೌಂಟರಿನಲ್ಲಿ "ಪಾಲಿಸಿ ಇಲ್ಲ" ಎಂಬ ಮಾತು ಕೇಳಿಸಿಕೊಳ್ಳುವುದಕ್ಕಿಂತ ಮಗನ ಬಾಯಿಂದ ಕೇಳುವುದು ಒಳ್ಳೆಯದು ಅಲ್ವಾ?

ಯಾರಿಗೆ ಮೊದಲು ಹೇಳುವುದು? ಅಕ್ಕನಿಗೆ, ಊರಿಗೆ ಹೋಗುವ ಮೊದಲೇ, ಫೋನಿನಲ್ಲಿ. ಮನೆಯಲ್ಲಿ ಒಬ್ಬರಾದರೂ ಗೊತ್ತಿರುವವರು ಇದ್ದರೆ ಕಾಲಿಡುವಾಗ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ತಂದೆಗೆ ಎದುರಿಗೇ ಹೇಳಬೇಕು, ಹೋದ ಮೊದಲ ಸಂಜೆಯೇ, ಇಬ್ಬರೇ ಇದ್ದಾಗ. ಹಬ್ಬದ ಊಟದ ಪಂಕ್ತಿಯಲ್ಲಿ ಅಲ್ಲ, ಹೊರಡುವ ರಾತ್ರಿ ಬಸ್‌ಸ್ಟ್ಯಾಂಡಿನಲ್ಲೂ ಅಲ್ಲ. ಹೇಳಿದ ಮೇಲೆ ತಂದೆಗೆ ಸಿಟ್ಟು ಮಾಡಿಕೊಳ್ಳಲು, ಸುಮ್ಮನಿರಲು, ಮತ್ತೆ ಮಾತಾಡಲು ಎರಡು ಮೂರು ದಿನ ಸಿಗಬೇಕು.

ಊರಿನ ಉಳಿದವರಿಗೆ ಒಂದೇ ವಾಕ್ಯ. ಅದನ್ನು ಅವರ ಭಾಷೆಯಲ್ಲೇ ಬರೆಸಿದೆ: "ಜುಲೈದಾಗ ಕೆಲಸ ಹೋತ್ರೀ ಕಾಕಾ, ಬ್ಯಾರೇದು ಹುಡುಕಾಕತ್ತೀನಿ." ಅಷ್ಟು ಹೇಳಿ ನಿಲ್ಲಿಸಬೇಕು. ಯಾಕೆ ಹೋಯಿತು, ಎಷ್ಟು ಜನರದು ಹೋಯಿತು ಎಂದು ವಿವರಿಸಲು ಹೊರಟರೆ ಕಟಕಟೆಯಲ್ಲಿ ನಿಂತ ಹಾಗಾಗುತ್ತದೆ. ನಮ್ಮಲ್ಲಿ "ನೌಕರಿ ಹೆಂಗೈತಿ?" ಎಂಬುದು "ಊಟ ಆಯ್ತಾ?" ಎಂಬಂಥದೇ ಮಾತು. ಹತ್ತರಲ್ಲಿ ಎಂಟು ಜನಕ್ಕೆ ಮಾತು ಶುರು ಮಾಡಲು ಒಂದು ಎಳೆ ಬೇಕು, ಅಷ್ಟೇ. ಉಳಿದ ಇಬ್ಬರು ಕೆದಕುತ್ತಾರೆ. ಅವರಿಗೂ ಅದೇ ವಾಕ್ಯವನ್ನೇ ಮತ್ತೊಮ್ಮೆ ಹೇಳಿ ಎದ್ದು ಹೋಗಬಹುದು. ನಾನು ಕಾಕಾ ಆಗಿ ಕೂತು ಏಳೆಂಟು ಸಲ ಕೇಳಿದೆ, ಅವರು ಉತ್ತರ ಕೊಟ್ಟರು. ಮೊದಲ ಮೂರು ಸಲ ದನಿ ನಡುಗಿತು.

ಆರತಿ ತಟ್ಟೆಗೆ ಎಷ್ಟು ಹಾಕುವುದು ಎಂಬುದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆ. ಕ್ರೆಡಿಟ್ ಕಾರ್ಡಿನಲ್ಲಿ ಸೀರೆ ತರುವ ಯೋಚನೆಯಲ್ಲಿದ್ದರು. ಸಾಲ ಮಾಡಿ ಬೇಡ ಎಂದೆ. ಇಬ್ಬರಿಗೂ ಒಂದೇ ಮೊತ್ತ, 101 ರೂಪಾಯಿ. ಅದನ್ನು ಇಬ್ಬರಿಗೂ ಮೊದಲೇ ತಿಳಿಸುವುದು. ಮೊದಲೇ ತಿಳಿಸಿದರೆ ತಟ್ಟೆ ಮುಂದೆ ಕೂತಾಗ ಯಾರ ಮುಖ ಯಾರೂ ನೋಡಬೇಕಾಗಿಲ್ಲ.

ದುಡ್ಡಿನ ಇನ್ನೊಂದು ಮಾತೂ ಆಯಿತು. ರಾಜೀನಾಮೆ ಬರೆದುಕೊಟ್ಟಿದ್ದರಿಂದ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗುವುದಿಲ್ಲ ಎಂದು ಅವರು ನಂಬಿದ್ದರು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಐದು ವರ್ಷ ಬಿಡದೆ ದುಡಿದವರಿಗೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಇತ್ತು, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ. ಅರ್ಜಿ ಹಾಕಿದರು. ತಂದೆಯ ಹೆಸರಿನಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊಣಕಾಲಿನ ವಿಷಯ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಕೇಳಿ ಎಂದೆ. ಬರಿಗೈಯಲ್ಲಿ ಕೆಟ್ಟ ಸುದ್ದಿ ಹೇಳುವುದಕ್ಕೂ, ಮುಂದೇನು ಎಂಬ ಒಂದು ದಾರಿ ಇಟ್ಟುಕೊಂಡು ಹೇಳುವುದಕ್ಕೂ ವ್ಯತ್ಯಾಸ ಇದೆ.

ವಾಪಸ್ ಬರುವ ರೈಲಿನ ಟಿಕೆಟ್ ಹೋಗುವ ಮೊದಲೇ ಮಾಡಿಸಿದೆವು. ನವೆಂಬರ್ 11ಕ್ಕೆ ಹೋಗುವುದು, 14ರ ರಾತ್ರಿ ಹೊರಡುವುದು.

ಮುಂದೆ ನಡೆದಿದ್ದನ್ನು ಅವರು ಆಮೇಲೆ ಬಂದು ಹೇಳಿದರು. ಎಲ್ಲವೂ ಅಂದುಕೊಂಡ ಹಾಗೆ ಆಗಲಿಲ್ಲ. ಅಕ್ಕ ಫೋನಿನಲ್ಲೇ ಸಿಟ್ಟಾದರು. "ನಾಲ್ಕು ತಿಂಗಳು ನನಗೂ ಹೇಳಲಿಲ್ಲೇನು?" ಎಂದು ಫೋನ್ ಇಟ್ಟವರು ಎರಡು ದಿನ ಮಾತಾಡಲಿಲ್ಲ. ತಂದೆಗೆ ಅವರ ಕಿರಾಣಿ ಅಂಗಡಿಯಲ್ಲಿ, ಬಾಗಿಲು ಅರ್ಧ ಎಳೆದ ಮೇಲೆ ಹೇಳಿದರು. ಮೊದಲು ಇನ್ಶೂರೆನ್ಸ್ ವಿಷಯ, ಆಮೇಲೆ ಕೆಲಸದ ವಿಷಯ. ತಂದೆ ತಕ್ಕಡಿಯ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟರು. ಬೀಗ ಹಾಕಿದರು. ಒಂದು ಮಾತೂ ಆಡದೆ, ಕುಂಟುತ್ತಾ ಮುಂದೆ ನಡೆದು ಮನೆಗೆ ಹೋದರು. ರಾತ್ರಿ ಮಗನ ಜೊತೆ ಊಟಕ್ಕೆ ಕೂರಲಿಲ್ಲ.

ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿ ನೀರು ಹಾಕುವಾಗಲೂ ಮಾತಿಲ್ಲ. ಆರತಿಗೆ ಶಿವು ಮಣೆ ಮೇಲೆ ಕೂತಾಗ ತಂದೆ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಕ್ಕ ಆರತಿ ಎತ್ತಿ 101 ರೂಪಾಯಿಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿಗೆ ಕಟ್ಟಿಕೊಂಡರು. ತಂಗಿ ಮುಖ ಸಣ್ಣದು ಮಾಡಿಕೊಂಡಳು. ಅವಳಿಗೆ ಗಂಡನ ಮನೆಯಲ್ಲಿ ಉತ್ತರ ಕೊಡಬೇಕಿತ್ತು. ಎಲ್ಲ ಮುಗಿದ ಮೇಲೆ ತಂದೆ, "ಕಾಲು ಇನ್ನೊಂದು ವರ್ಷ ನಡೀತೈತಿ ತಗೋ" ಎಂದರು. ಮಗನ ಕಡೆ ನೋಡಲಿಲ್ಲ, ತನ್ನ ಮೊಣಕಾಲನ್ನೇ ನೋಡುತ್ತಾ ಹೇಳಿದರಂತೆ.

ಕಾಕಾ ಕೆದಕಿದರು. "ಐಟಿ ಅಂದ್ರ ಇಷ್ಟ, ಸರ್ಕಾರಿ ನೌಕರಿ ಹಿಡಿ ಅಂತ ಅವತ್ತ ಹೇಳಿದ್ದೆ" ಎಂದು ನಾಲ್ಕು ಜನರ ಮುಂದೆ ಹೇಳಿದರು. ಶಿವು ಬರೆದುಕೊಂಡಿದ್ದ ವಾಕ್ಯ ಹೇಳಿ, ಎದ್ದು ಹಿತ್ತಲಿಗೆ ಹೋದರು. ಪಾಡ್ಯದ ದಿನ ಅದು. ಅವ್ವ ಸಗಣಿಯಲ್ಲಿ ಹಟ್ಟೆವ್ವನನ್ನು, ಅಂದರೆ ಅವತ್ತು ಪೂಜಿಸುವ ಬೊಂಬೆಯನ್ನು, ಮಾಡುತ್ತಿದ್ದರು. ಮಗನ ಕೈಗೆ ಉತ್ತರಾಣಿ ಕಡ್ಡಿ, ಚೆಂಡು ಹೂ ಕೊಟ್ಟು "ಸಿಗಿಸು" ಎಂದರು. ಕೂತು ಸಿಗಿಸಿದರು. ಕೈ ನಡುಗುವುದು ಅಲ್ಲಿ ನಿಂತಿತು ಎಂದರು.

ಅಲ್ಲಿಗೇ ತಂದೆ ಬಂದರು. ತಂದೆ ಹರೆಯದಲ್ಲಿ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದ್ದವರು. ಆ ಊರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದ ಕಾಲದಲ್ಲಿ ಅವರದೂ ಹೋಗಿತ್ತು. ಮಗನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದ್ದನ್ನು ತಂದೆ ಅವತ್ತು ಹೇಳಿದರು: "ಮಿಲ್ಲು ಮುಚ್ಚಿದಾಗ ನಿಮ್ಮವ್ವಗ ನಾನೂ ಎಂಟು ದಿನ ಹೇಳಿರಲಿಲ್ಲ." ಅವ್ವ ತಲೆ ಎತ್ತದೆ, "ಎರಡನೇ ದಿನಕ್ಕ ಗೊತ್ತಾಗಿತ್ತು ನನಗ" ಎಂದರಂತೆ.

ಲಿಂಗದ ವಿಷಯ ನಾನಾಗಿ ಕೇಳಲಿಲ್ಲ. ಅವರೇ ಹೇಳಿದರು. ಊರಿಗೆ ಹೋಗುವಾಗ ಕರಡಿಗೆಯನ್ನು ಬಟ್ಟೆಯ ಗಂಟಿನ ಸಮೇತ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಅಲ್ಲಿ ಮನೆಯವರೆಲ್ಲ ಪೂಜೆಗೆ ಕೂತಾಗ ತಾವೂ ತೆಗೆದು ಕೂತರು. "ಮನಸ್ಸು ನಿಲ್ಲಲಿಲ್ಲ ಮೇಡಂ. ಆದರೂ ಕೂತೆ" ಎಂದರು. ಬೆಂಗಳೂರಿಗೆ ಬಂದ ಮೇಲೆ ಕೆಲವು ದಿನ ಮಾಡುತ್ತಾರೆ, ಕೆಲವು ದಿನ ಆಗುವುದಿಲ್ಲ. ಆಗದ ದಿನ ಅದನ್ನು ಬಟ್ಟೆಯಲ್ಲಿ ಸುತ್ತಿಡುವುದಿಲ್ಲ, ಕೊರಳಲ್ಲೇ ಇರುತ್ತದೆ.

ಹೀಗೆ ಕೆಲಸ ಕಳೆದುಕೊಂಡವರು ಹಬ್ಬಕ್ಕೆ ನಿಮ್ಮ ಮನೆಗೆ ಬಂದರೆ, "ದೇವರಿದ್ದಾನೆ ಬಿಡು" ಎಂದು ಬಾಗಿಲಲ್ಲೇ ಹೇಳಬೇಡಿ. ಅವರು ಆ ದೇವರ ಜೊತೆ ಯಾವ ಜಗಳದಲ್ಲಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಅವ್ವ ಮಾಡಿದ ಹಾಗೆ ಕೈಗೊಂದು ಕೆಲಸ ಕೊಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಶಿವು ಕೊನೆಯ ಸಲ ಬಂದಿದ್ದು 2024ರ ಫೆಬ್ರುವರಿಯಲ್ಲಿ. ಗ್ರಾಚ್ಯುಟಿ ಬಂದಿತ್ತು. ವೈದ್ಯರು ಮಾತ್ರೆ ಕಡಿಮೆ ಮಾಡಿದ್ದರು. ತಂದೆಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು, ಆಪರೇಷನ್ ದಿನ ಇನ್ನೂ ಗೊತ್ತಾಗಿರಲಿಲ್ಲ. ಮೊದಲಿನ ಸಂಬಳಕ್ಕಿಂತ ಕಡಿಮೆಗೆ, ಒಂದು ವರ್ಷದ ಗುತ್ತಿಗೆಯ ಕೆಲಸವೊಂದು ಸಿಗುವ ಹಾಗಿತ್ತು. ಒಪ್ಪಿಕೊಳ್ಳುವುದೋ ಬೇಡವೋ ಎಂದು ಯೋಚಿಸುತ್ತಿದ್ದರು. ಪಾಠಕ್ಕೆ ಬರುತ್ತಿದ್ದ ಇಬ್ಬರಲ್ಲಿ ಒಬ್ಬನಿಗೆ ಕೆಲಸ ಸಿಕ್ಕಿತ್ತು. ಅದನ್ನು ಹೇಳುವಾಗ ಸ್ವಲ್ಪ ಖುಷಿ, ಸ್ವಲ್ಪ ನೋವು, ಎರಡೂ ಇತ್ತು. ಎರಡನ್ನೂ ಮುಚ್ಚಿಡಲಿಲ್ಲ. ಮುಂದಿನ ಭೇಟಿಯನ್ನು ಯುಗಾದಿ ಆದ ಮೇಲೆ ಇಟ್ಟುಕೊಂಡೆವು, ಅವರು ಊರಿಂದ ಬಂದ ಮೇಲೆ.